ಎದೆನೋವಿದೆ, ಇಸಿಜಿ ಅರ್ಥವಾಗುತ್ತಿಲ್ಲ: ಎಲ್ಲಿಂದ ಹುಡುಕಬೇಕು?

ಸುಲಭದ ಇಸಿಜಿಗೆ ಕೈಪಿಡಿ ಬೇಕಿಲ್ಲ. ಎಸ್‌ಟಿ ಭಾಗ (ಕ್ಯೂಆರ್‌ಎಸ್ ಎಂಬ ಚೂಪು ಮೊನೆಗೂ ಅದರ ನಂತರದ ಟಿ ಅಲೆಗೂ ನಡುವಿನ ಗೆರೆ) ಗೋಡೆಯಂತೆ ಎದ್ದು ನಿಂತಿದ್ದರೆ ಮೊದಲ ವಾರದ ಹೌಸ್ ಸರ್ಜನ್ ಕೂಡ ಇಸಿಜಿ ಪಟ್ಟಿ ಹಿಡಿದು ಓಡಿ ಬರುತ್ತಾರೆ. ಕಷ್ಟ ಶುರುವಾಗುವುದು ಬೇರೆ ಕಡೆ. ರೋಗಿ ಬೆವರುತ್ತಿದ್ದಾರೆ, ಎದೆ ಹಿಡಿದುಕೊಂಡಿದ್ದಾರೆ, ಪಟ್ಟಿ ಮಾತ್ರ ಏನೂ ಹೇಳುತ್ತಿಲ್ಲ. ಇಲ್ಲವೇ ಒಟ್ಟಿಗೆ ಹತ್ತು ಮಾತು ಹೇಳುತ್ತಿದೆ: ಎಲ್‌ಬಿಬಿಬಿ (ಹೃದಯದ ಎಡಗಡೆಗೆ ಹೋಗುವ ವಿದ್ಯುತ್ ದಾರಿಯಲ್ಲಿ ತಡೆ) ಇದೆ, ಹಳೆಯ ಹಾರ್ಟ್ ಅಟ್ಯಾಕ್‌ನ ಗುರುತಿದೆ, ಎಲ್ಲಾ ಲೀಡ್‌ಗಳಲ್ಲೂ ಚೂರು ಚೂರು ಏರಿಕೆ ಇದೆ. ಯಾವುದನ್ನು ನಂಬುವುದು?

ಇದು ತುರ್ತು ವಿಭಾಗದ ಡ್ಯೂಟಿ ಡಾಕ್ಟರ್, ಸಿಸ್ಟರ್, ಟೆಕ್ನಿಷಿಯನ್‌ಗಳಿಗೆ ಬರೆದದ್ದು. ಇಸಿಜಿಯ ಮೊದಲ ಪಾಠ ಗೊತ್ತಿದೆ ಎಂದುಕೊಂಡಿದ್ದೇನೆ. ಎದೆನೋವು ಬಂದು, ಮನೆಯಲ್ಲಿ ಕೂತು ಇದನ್ನು ಓದುತ್ತಿರುವವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ ಆಂಬುಲೆನ್ಸ್ ಕರೆಯಿರಿ.

ಮೊದಲು ವೈರ್, ಆಮೇಲೆ ಹೃದಯ

ಪಟ್ಟಿ ವಿಚಿತ್ರವಾಗಿ ಕಂಡರೆ ನನಗೆ ಮೊದಲ ಅನುಮಾನ ವೈರ್ ಮೇಲೆ. ಲೀಡ್ 1 ಪೂರ್ತಿ ತಲೆಕೆಳಗಾಗಿದೆ, ಅಂದರೆ ಪಿ, ಕ್ಯೂಆರ್‌ಎಸ್, ಟಿ ಮೂರೂ ಕೆಳಮುಖ. ಎವಿಆರ್ ಮಾತ್ರ ನೆಟ್ಟಗೆ ನಿಂತಿದೆ. ಹೀಗಿದ್ದರೆ ಸಾಮಾನ್ಯವಾಗಿ ಬಲಗೈ, ಎಡಗೈ ವೈರ್ ಅದಲುಬದಲಾಗಿರುತ್ತವೆ. ಹೃದಯ ಬಲಗಡೆ ಇರುವವರಲ್ಲೂ ಲೀಡ್ 1 ಹೀಗೇ ಕಾಣುತ್ತದೆ ಅನ್ನುವುದು ನಿಜ. ಆದರೆ ಅವರಲ್ಲಿ ವಿ1ರಿಂದ ವಿ6ರ ಕಡೆಗೆ ಹೋದಂತೆ ಆರ್ ವೇವ್ ಬೆಳೆಯುವುದಿಲ್ಲ, ಕುಗ್ಗುತ್ತದೆ. ಬರೀ ಕೈ ವೈರ್ ತಪ್ಪಿದ್ದರೆ ಎದೆಯ ಲೀಡ್‌ಗಳಲ್ಲಿ ಆರ್ ಎಂದಿನಂತೆ ಬೆಳೆಯುತ್ತದೆ. ಇನ್ನು ಲೀಡ್ 2 ಒಂದೇ ಸಪಾಟಾಗಿ ಸತ್ತಂತೆ ಮಲಗಿದ್ದರೆ ಬಲಗೈ ಮತ್ತು ಬಲಗಾಲಿನ ವೈರ್ ನೋಡಿ.

ಇದಕ್ಕಿಂತ ಜಾಸ್ತಿ ದಾರಿ ತಪ್ಪಿಸುವುದು ವಿ1, ವಿ2ರ ಜಾಗ. ಅವು ಇರಬೇಕಾದದ್ದು ನಾಲ್ಕನೇ ಪಕ್ಕೆಲುಬಿನ ಸಂದಿನಲ್ಲಿ. ಅವಸರದಲ್ಲಿ ಎರಡನೆಯದಕ್ಕೋ ಮೂರನೆಯದಕ್ಕೋ ಅಂಟಿಸಿಬಿಡುತ್ತೇವೆ. ಆಗ ಕ್ಯೂಆರ್‌ಎಸ್‌ನ ತುದಿಯಲ್ಲಿ ಇನ್ನೊಂದು ಪುಟ್ಟ ಆರ್ ಮೂಡುತ್ತದೆ, ಟಿ ಮಗುಚುತ್ತದೆ, ಇಲ್ಲದ ಹಳೆಯ ಅಟ್ಯಾಕ್, ಇಲ್ಲದ ಬ್ರುಗಾಡಾ (ಹೃದಯದ ಲಯ ಕೆಡಿಸುವ ಒಂದು ಕಾಯಿಲೆ) ಹುಟ್ಟಿಕೊಳ್ಳುತ್ತವೆ. ವಿ2ರಲ್ಲಿ ಪಿ ವೇವ್ ಕೆಳಮುಖವಾಗಿದ್ದರೆ ಎಲೆಕ್ಟ್ರೋಡ್ ಮೇಲೆ ಕೂತಿದೆ ಎಂದೇ ಲೆಕ್ಕ. ಸಂದು ಎಣಿಸುವುದು ಕಷ್ಟವಲ್ಲ. ಕೊರಳ ಗುಳಿಯಿಂದ ಎದೆಮೂಳೆಯ ಮೇಲೆ ಬೆರಳು ಕೆಳಗೆ ಜಾರಿಸಿ. ಅಡ್ಡಕ್ಕೆ ಒಂದು ಉಬ್ಬು ಸಿಗುತ್ತದೆ. ಅದರ ಪಕ್ಕದ್ದೇ ಎರಡನೇ ಪಕ್ಕೆಲುಬು, ಅದರ ಕೆಳಗಿನದು ಎರಡನೇ ಸಂದು. ಅಲ್ಲಿಂದ ಇನ್ನೆರಡು ಸಂದು ಇಳಿಯಿರಿ. ಮೊಲೆತೊಟ್ಟನ್ನು ಗುರುತಾಗಿ ಹಿಡಿಯಬೇಡಿ, ಅದು ಒಬ್ಬೊಬ್ಬರಲ್ಲಿ ಒಂದೊಂದು ಕಡೆ ಇರುತ್ತದೆ.

ಪಟ್ಟಿಯ ಅಂಚಿನಲ್ಲಿ ಸೆಕೆಂಡಿಗೆ 25 ಮಿಮೀ, ಮಿಲಿವೋಲ್ಟ್‌ಗೆ 10 ಮಿಮೀ ಎಂದಿದೆಯಾ ನೋಡಿ. ಯಾರೋ 5ಕ್ಕೆ ಇಳಿಸಿದ್ದರೆ 2 ಮಿಮೀ ಏರಿಕೆ ನಿಮಗೆ 1 ಮಿಮೀ ಆಗಿ ಕಾಣುತ್ತದೆ. ಮಾನಿಟರ್ ಪರದೆ ನೋಡಿ ಎಸ್‌ಟಿ ಅಳೆಯಲೇಬೇಡಿ. ಗೆರೆ ಅಲುಗಾಡದಿರಲಿ ಎಂದು ಮಾನಿಟರ್‌ನಲ್ಲಿ ಸಾಮಾನ್ಯವಾಗಿ 0.5 ಹರ್ಟ್ಸ್ ಫಿಲ್ಟರ್ ಹಾಕಿರುತ್ತಾರೆ, ಅದು ಎಸ್‌ಟಿಯ ಆಕಾರವನ್ನೇ ಬದಲಿಸಬಹುದು. ರೋಗ ಗುರುತಿಸಲು ಬೇಕಾದ ಸೆಟ್ಟಿಂಗ್ 0.05.

ಯಂತ್ರ ಪಟ್ಟಿಯ ತಲೆಯ ಮೇಲೆ ಅಚ್ಚು ಹಾಕುವ ತೀರ್ಪನ್ನು ಕೊನೆಗೆ ಓದಿ. ನಾನು ಆ ಮೇಲಂಚನ್ನು ಹಿಂದಕ್ಕೆ ಮಡಚಿಬಿಡುತ್ತೇನೆ. ‘ನಾರ್ಮಲ್’ ಎಂಬ ಪದ ಒಮ್ಮೆ ಕಣ್ಣಿಗೆ ಬಿದ್ದರೆ ಆಮೇಲೆ ಬೇರೇನೂ ಕಾಣುವುದಿಲ್ಲ.

ನೋವು ನಿಂತಿಲ್ಲ, ಪಟ್ಟಿ ‘ನಾರ್ಮಲ್’

ಅತಿ ಹೆಚ್ಚು ಎಡವುವ ಜಾಗ ಇದು. ಎದೆನೋವು ಎಂದು ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು ಎಂಬ ನಿಯಮ ಎಲ್ಲರಿಗೂ ಗೊತ್ತು. ಆ ಮೊದಲ ಪಟ್ಟಿ ಸರಿಯಿದ್ದರೆ ಮುಂದೇನು ಅನ್ನುವಲ್ಲಿ ಕೈ ಸಡಿಲವಾಗುತ್ತದೆ.

ನನ್ನದೇ ಒಂದು ಡ್ಯೂಟಿಯ ಕಥೆ. ಐವತ್ತರ ಆಸುಪಾಸಿನ ಗಂಡಸು. ಹೊಟ್ಟೆಯ ಮೇಲ್ಭಾಗದಿಂದ ಎದೆಯವರೆಗೆ ಉರಿ, ಒಂದು ಸಲ ವಾಂತಿ. “ಡಾಕ್ಟ್ರೇ, ಗ್ಯಾಸ್ಟ್ರಿಕ್ ಇರ್ಬೇಕು, ಒಂದು ಇಂಜೆಕ್ಷನ್ ಹಾಕಿ ಕಳ್ಸಿಬಿಡಿ” ಅಂದರು. ಯಂತ್ರವೂ ನಾರ್ಮಲ್ ಎಂದಿತ್ತು. ನಾನೂ ಒಪ್ಪಿಕೊಳ್ಳುವುದರಲ್ಲಿದ್ದೆ. ಪಟ್ಟಿ ಮಡಚುವಾಗ ಎವಿಎಲ್ ಕಡೆ ಕಣ್ಣು ಹೋಯಿತು. ಎಸ್‌ಟಿ ಅರ್ಧ ಮಿಮೀ ಕೆಳಗಿದೆ, ಟಿ ಮಗುಚಿದೆ. ಅಷ್ಟೇ. ಲೀಡ್ 3ರಲ್ಲಿ ಕ್ಯೂಆರ್‌ಎಸ್ ಚಿಕ್ಕದು, ಅದರ ಪಕ್ಕ ಟಿ ಮಾತ್ರ ಅಗಲವಾಗಿ ಊದಿಕೊಂಡಂತಿದೆ. ಸಿಸ್ಟರ್‌ಗೆ ಎಲೆಕ್ಟ್ರೋಡ್ ಕೀಳಬೇಡಿ ಎಂದೆ. 15 ನಿಮಿಷ ಬಿಟ್ಟು ತೆಗೆದ ಪಟ್ಟಿಯಲ್ಲಿ ಹೆಚ್ಚೇನೂ ಬದಲಾವಣೆ ಇಲ್ಲ. ಸುಮ್ನೆ ಗಾಬರಿಯಾದೆನಾ ಅನ್ನಿಸಿತು. ಅರ್ಧ ಗಂಟೆಯ ಹೊತ್ತಿಗೆ ತೆಗೆದ ಮೂರನೆಯದರಲ್ಲಿ 2, 3, ಎವಿಎಫ್ ಮೂರರಲ್ಲೂ ಎಸ್‌ಟಿ ಎದ್ದಿತ್ತು. ಹೃದಯದ ಕೆಳಗೋಡೆಯ ಅಟ್ಯಾಕ್.

ಈ ಕಥೆಯೊಳಗೆ ಮೂರು ಸಂಗತಿ ಇವೆ. ಎವಿಎಲ್ ಲೀಡ್ 3ರ ಎದುರು ಬದಿ, ಅಲ್ಲಿ ಏರುವ ಮೊದಲೇ ಇಲ್ಲಿ ಇಳಿಯಬಹುದು. ಟಿ ದೊಡ್ಡದೋ ಚಿಕ್ಕದೋ ಎಂಬುದನ್ನು ಮಿಮೀಯಲ್ಲಿ ಅಳೆಯಬೇಡಿ, ಅದೇ ಲೀಡ್‌ನ ಕ್ಯೂಆರ್‌ಎಸ್ ಜೊತೆ ಹೋಲಿಸಿ. 5 ಮಿಮೀ ಕ್ಯೂಆರ್‌ಎಸ್ ಪಕ್ಕದಲ್ಲಿ 6 ಮಿಮೀಯ ಅಗಲ ಟಿ ಇದ್ದರೆ ಅದು ದೊಡ್ಡದೇ. ಮತ್ತೆ, ಪದೇ ಪದೇ ಇಸಿಜಿ ತೆಗೆಯುವಾಗ ಎಲೆಕ್ಟ್ರೋಡ್ ಅದೇ ಜಾಗದಲ್ಲಿರಬೇಕು. ಕಿತ್ತು ಮತ್ತೆ ಅಂಟಿಸಿದರೆ ಬದಲಾದದ್ದು ಹೃದಯವೋ ಜಾಗವೋ ಗೊತ್ತಾಗುವುದಿಲ್ಲ. ನೋವು ಇರುವವರೆಗೆ ಮೊದಲ ಒಂದು ಗಂಟೆ 15ರಿಂದ 30 ನಿಮಿಷಕ್ಕೊಮ್ಮೆ ತೆಗೆಯಿರಿ. ನೋವು ಜಾಸ್ತಿಯಾದರೆ ಕೂಡಲೇ. ಹಳೆಯ ಫೈಲ್‌ನಲ್ಲಿ ಇಸಿಜಿ ಇದ್ದರೆ ಮನೆಯವರಿಂದ ತರಿಸಿ, ಫೋನ್‌ನಲ್ಲಿ ಫೋಟೋ ಬಂದರೂ ಸಾಕು.

ಪಟ್ಟಿ ಸರಿಯಿದೆ ಎಂದು ಕಾಣುತ್ತಲೇ ಅಟ್ಯಾಕ್ ಅಡಗಿ ಕೂರುವ ಇನ್ನಷ್ಟು ಜಾಗಗಳಿವೆ. ಮೊದಲನೆಯದು ಹೃದಯದ ಹಿಂಗೋಡೆ. ಮಾಮೂಲಿ 12 ಲೀಡ್‌ಗಳಲ್ಲಿ ಯಾವುದೂ ಬೆನ್ನ ಕಡೆಯಿಂದ ನೋಡುವುದಿಲ್ಲ ಅಲ್ವಾ? ಹಾಗಾಗಿ ಹಿಂದೆ ಆಗುವ ಏರಿಕೆ ಮುಂದಿನ ವಿ1ರಿಂದ ವಿ3ರಲ್ಲಿ ಇಳಿಕೆಯಾಗಿ ಕಾಣುತ್ತದೆ. ಇಳಿಕೆ ಸಪಾಟಾಗಿದ್ದು, ಟಿ ಮೇಲ್ಮುಖವಾಗಿದ್ದು, ಆರ್ ಕೊಂಚ ಎತ್ತರವಾಗಿದ್ದರೆ ಅನುಮಾನ ಪಡಿ. ಪಟ್ಟಿಯನ್ನು ತಲೆಕೆಳಗು ಮಾಡಿ ಹಿಂಬದಿಯಿಂದ ಬೆಳಕಿಗೆ ಹಿಡಿದು ನೋಡಿ, ಅದೇ ಗೆರೆ ಅಟ್ಯಾಕ್‌ನ ಏರಿಕೆಯಂತೆ ಕಾಣುತ್ತದೆ. ಖಾತ್ರಿಗೆ ವಿ4, ವಿ5, ವಿ6ರ ವೈರ್‌ಗಳನ್ನೇ ಬೆನ್ನಿಗೆ ಹಾಕಿ: ವಿ7 ಕಂಕುಳ ಹಿಂಗೆರೆಗೆ, ವಿ8 ಹೆಗಲ ಮೂಳೆಯ ತುದಿಯ ಕೆಳಗೆ, ವಿ9 ಬೆನ್ನೆಲುಬಿನ ಎಡಪಕ್ಕಕ್ಕೆ. ಮೂರೂ ವಿ6ರ ಮಟ್ಟದಲ್ಲೇ ಇರಲಿ. ಇಲ್ಲಿ 0.5 ಮಿಮೀ ಏರಿದ್ದರೂ ಅದು ಏರಿಕೆಯೇ. ಪಟ್ಟಿಯ ಮೇಲೆ ಪೆನ್ನಿನಲ್ಲಿ ವಿ7, ವಿ8, ವಿ9 ಎಂದು ಬರೆಯಲು ಮರೆಯಬೇಡಿ, ಯಂತ್ರ ಹಳೆಯ ಹೆಸರನ್ನೇ ಅಚ್ಚು ಹಾಕಿರುತ್ತದೆ.

ಎರಡನೆಯದು, 2008ರಲ್ಲಿ ಡಿ ವಿಂಟರ್ ಮತ್ತು ಸಂಗಡಿಗರು ವಿವರಿಸಿದ ಚಿತ್ರ. ಎದೆಯ ಲೀಡ್‌ಗಳಲ್ಲಿ ಎಸ್‌ಟಿ ಏರುವುದೇ ಇಲ್ಲ. ಜೆ ಬಿಂದು (ಕ್ಯೂಆರ್‌ಎಸ್ ಮುಗಿದು ಎಸ್‌ಟಿ ಶುರುವಾಗುವ ಜಾಗ) 1ರಿಂದ 3 ಮಿಮೀ ಕೆಳಗಿರುತ್ತದೆ, ಅಲ್ಲಿಂದ ಗೆರೆ ಇಳಿಜಾರು ಹತ್ತಿದಂತೆ ಮೇಲೇರಿ ಎತ್ತರದ, ಎರಡೂ ಬದಿ ಸಮನಾದ ಟಿಯಲ್ಲಿ ಸೇರುತ್ತದೆ. ಎವಿಆರ್‌ನಲ್ಲಿ ಚೂರು ಏರಿಕೆ ಇರಬಹುದು. ಇದು ಎಲ್‌ಎಡಿ, ಅಂದರೆ ಹೃದಯದ ಮುಂಗೋಡೆಗೆ ರಕ್ತ ಕೊಡುವ ರಕ್ತನಾಳ, ಮುಚ್ಚಿರುವ ಚಿತ್ರ. ‘ಬರೀ ಡಿಪ್ರೆಷನ್’ ಎಂದು ವಾರ್ಡ್‌ಗೆ ಕಳಿಸುವಂಥದ್ದಲ್ಲ.

ಮೂರನೆಯದು, 1 ಮತ್ತು ಎವಿಎಲ್ ಜೊತೆ ವಿ2 ಏರಿ, ಲೀಡ್ 3 ಇಳಿದಿರುವುದು. ಕಾಗದದ ಮೇಲೆ ಇವು ದೂರ ದೂರ ಇರುವುದರಿಂದ ಒಂದಕ್ಕೊಂದು ಸಂಬಂಧವಿಲ್ಲ ಅನ್ನಿಸುತ್ತದೆ. ಹೃದಯದಲ್ಲಿ ಇದೆ, ಎಲ್‌ಎಡಿಯ ಡಯಾಗನಲ್ ಶಾಖೆಯ ಜಾಗ ಅದು.

ನೋವು ಹೋಯಿತು, ಟಿ ಮಗುಚಿತು

ರೋಗಿ ಈಗ ಆರಾಮಾಗಿದ್ದಾರೆ. ಮನೆಗೆ ಕಳಿಸಿ ಅನ್ನುತ್ತಿದ್ದಾರೆ. ವಿ2, ವಿ3ರಲ್ಲಿ ಟಿ ಮೊದಲು ಮೇಲೆ ಹೋಗಿ ಆಮೇಲೆ ಕೆಳಗೆ ಬೀಳುತ್ತದೆ, ಅಥವಾ ಆಳವಾಗಿ ಮಗುಚಿದೆ. 1982ರಲ್ಲಿ ಹೈನ್ ವೆಲೆನ್ಸ್ ತಂಡ ಇದನ್ನು ಗುರುತಿಸಿತು. ಎಲ್‌ಎಡಿಯ ಆರಂಭದಲ್ಲಿ ದೊಡ್ಡ ಬ್ಲಾಕ್ ಇದೆ, ಮುಚ್ಚಿದ್ದು ಸದ್ಯಕ್ಕೆ ತೆರೆದುಕೊಂಡಿದೆ ಎಂದರ್ಥ. ಟ್ರೋಪೋನಿನ್ (ಹೃದಯಕ್ಕೆ ಪೆಟ್ಟಾದಾಗ ರಕ್ತದಲ್ಲಿ ಏರುವ ಪ್ರೋಟೀನ್) ನಾರ್ಮಲ್ ಇರಬಹುದು, ಇಲ್ಲವೇ ಚೂರೇ ಏರಿರಬಹುದು. ಇವರನ್ನು ಟ್ರೆಡ್‌ಮಿಲ್ ಹತ್ತಿಸುವುದು ಅಪಾಯ.

ಇದರಲ್ಲಿ ಒಂದು ಬಲೆ ಇದೆ. ಗಂಟೆಯ ನಂತರ ಮತ್ತೆ ಎದೆ ನೋಯುತ್ತದೆ. ಹೊಸ ಇಸಿಜಿಯಲ್ಲಿ ಟಿ ನೆಟ್ಟಗಾಗಿದೆ! ಪಟ್ಟಿ ಸುಧಾರಿಸಿತು ಎಂದು ಖುಷಿಪಡುತ್ತೇವೆ. ವಾಸ್ತವದಲ್ಲಿ ರಕ್ತನಾಳ ಮತ್ತೆ ಮುಚ್ಚಿದೆ, ಟಿ ನಾರ್ಮಲ್‌ನ ವೇಷ ಹಾಕಿದೆ. ಅದಕ್ಕೇ ಪ್ರತಿ ಪಟ್ಟಿಯ ಮೇಲೂ ಸಮಯದ ಜೊತೆ ‘ನೋವು ಇದೆ’, ‘ನೋವು ಇಲ್ಲ’ ಎಂದು ಬರೆಯಿರಿ. ಎರಡು ಪದ ಇಲ್ಲದಿದ್ದರೆ ಈ ಬಲೆ ಹಿಡಿಯಲು ಆಗುವುದೇ ಇಲ್ಲ.

ಎಲ್ಲಾ ಕಡೆ ಏರಿಕೆ

ಅಳತೆಯ ಲೆಕ್ಕ ಮೊದಲು. ಜೆ ಬಿಂದುವಿನಲ್ಲಿ ಅಳೆಯಬೇಕು, ಅಕ್ಕಪಕ್ಕದ ಎರಡು ಲೀಡ್‌ಗಳಲ್ಲಿ ಇರಬೇಕು. 2018ರ ಅಂತಾರಾಷ್ಟ್ರೀಯ ವ್ಯಾಖ್ಯೆಯ ಪ್ರಕಾರ ವಿ2, ವಿ3 ಬಿಟ್ಟು ಉಳಿದವುಗಳಲ್ಲಿ 1 ಮಿಮೀ. ವಿ2, ವಿ3ರಲ್ಲಿ 40 ದಾಟಿದ ಗಂಡಸರಿಗೆ 2, ಅದಕ್ಕಿಂತ ಚಿಕ್ಕ ವಯಸ್ಸಿನ ಗಂಡಸರಿಗೆ 2.5, ಹೆಂಗಸರಿಗೆ ಯಾವ ವಯಸ್ಸಿಗಾದರೂ 1.5. ಈ ಸಂಖ್ಯೆಗಳು ಬೇಲಿ ಇದ್ದಂತೆ. ಬೇಲಿಯೊಳಗೆ ಆರೋಗ್ಯವಂತ ಯುವಕನೂ ಸಿಗುತ್ತಾನೆ, ಬೇಲಿಯಾಚೆ ಪೂರ್ತಿ ಮುಚ್ಚಿದ ರಕ್ತನಾಳವೂ ಇರುತ್ತದೆ.

ಯುವಕರ ಸಹಜ ಏರಿಕೆಯಲ್ಲಿ ಎಸ್‌ಟಿ ಬಟ್ಟಲಿನಂತೆ ಒಳಬಾಗಿರುತ್ತದೆ. ವಿ2ರಿಂದ ವಿ5ರಲ್ಲಿ ಸ್ಪಷ್ಟ, ಜೆ ಬಿಂದುವಿನಲ್ಲಿ ಗಾಳದ ಕೊಕ್ಕೆಯಂಥ ಕಚ್ಚು ಇರಬಹುದು. ಹೃದಯದ ಹೊರಪೊರೆಯ ಉರಿಯೂತವಾದ ಪೆರಿಕಾರ್ಡೈಟಿಸ್‌ನಲ್ಲಿ ಏರಿಕೆ ಹೆಚ್ಚೂಕಡಿಮೆ ಎಲ್ಲಾ ಕಡೆ ಹರಡಿರುತ್ತದೆ, ಪಿಆರ್ ಭಾಗ ತಗ್ಗಿರುತ್ತದೆ, ಲೀಡ್ 3ಕ್ಕಿಂತ ಲೀಡ್ 2ರಲ್ಲಿ ಏರಿಕೆ ಹೆಚ್ಚು. ಎವಿಆರ್, ವಿ1 ಬಿಟ್ಟು ಬೇರೆಲ್ಲೂ ಎಸ್‌ಟಿ ಇಳಿದಿರುವುದಿಲ್ಲ.

ನನ್ನ ಪದ್ಧತಿ ಹೀಗೆ: ಪೆರಿಕಾರ್ಡೈಟಿಸ್‌ನ ಗುರುತು ಹುಡುಕುವ ಮೊದಲು ಅಟ್ಯಾಕ್‌ನ ಗುರುತು ಹುಡುಕುತ್ತೇನೆ. ಎವಿಎಲ್‌ನಲ್ಲಿ ಇಳಿಕೆ ಇದೆಯಾ? 2ಕ್ಕಿಂತ 3ರಲ್ಲಿ ಏರಿಕೆ ಜಾಸ್ತಿಯಾ? ಎಸ್‌ಟಿ ಸಪಾಟಾಗಿದೆಯಾ, ಹೊರಬಾಗಿದೆಯಾ? ಹೊಸ ಕ್ಯೂ ವೇವ್ ಇದೆಯಾ? ಒಂದಕ್ಕೆ ಹೌದು ಅಂದರೂ ಪೆರಿಕಾರ್ಡೈಟಿಸ್ ಎಂಬ ಪದವನ್ನು ಕೇಸ್ ಶೀಟ್‌ನಲ್ಲಿ ಬರೆಯುವುದಿಲ್ಲ. ಪಿಆರ್ ತಗ್ಗಿದೆ ಎಂಬ ಒಂದೇ ಕಾರಣಕ್ಕೆ ನಿರಾಳವಾಗಬೇಡಿ, ಅಟ್ಯಾಕ್‌ನಲ್ಲೂ ಅದು ಕಾಣಬಹುದು.

ಎಲ್‌ಬಿಬಿಬಿ ಅಥವಾ ಪೇಸ್‌ಮೇಕರ್ ಇದೆ

ಎಲ್‌ಬಿಬಿಬಿ ಕಂಡ ಕೂಡಲೇ ‘ಇದರಲ್ಲಿ ಎಸ್‌ಟಿ ಓದಲು ಆಗುವುದಿಲ್ಲ’ ಎಂದು ಕೈಬಿಡುವುದು ಹಳೇ ಅಭ್ಯಾಸ. ಹೊಸ ಎಲ್‌ಬಿಬಿಬಿ ಅಂದರೆ ಅಟ್ಯಾಕೇ ಎಂಬುದೂ ಅಷ್ಟೇ ಹಳೆಯದು. 2013ರ ಅಮೆರಿಕದ ಮಾರ್ಗಸೂಚಿಯೇ ಅದೊಂದನ್ನೇ ಆಧಾರ ಮಾಡಿಕೊಳ್ಳಬೇಡಿ ಎಂದಿತು.

ಓದಲು ಒಂದು ಸೂತ್ರ ಸಾಕು: ಎಲ್‌ಬಿಬಿಬಿಯಲ್ಲಿ ಎಸ್‌ಟಿ ಯಾವಾಗಲೂ ಕ್ಯೂಆರ್‌ಎಸ್‌ನ ಎದುರು ದಿಕ್ಕಿಗೆ ಹೋಗಬೇಕು. ಕ್ಯೂಆರ್‌ಎಸ್ ಮೇಲಿದ್ದರೆ ಎಸ್‌ಟಿ ಕೆಳಗೆ, ಕ್ಯೂಆರ್‌ಎಸ್ ಕೆಳಗಿದ್ದರೆ ಎಸ್‌ಟಿ ಮೇಲೆ. ಎರಡೂ ಒಂದೇ ದಿಕ್ಕಿಗೆ ಹೋದರೆ ತಪ್ಪು ನಡೆದಿದೆ. 1996ರಲ್ಲಿ ಸ್ಗಾರ್ಬೋಸಾ ಎಂಬ ಹೃದ್ರೋಗ ತಜ್ಞೆ ಇದಕ್ಕೆ ಅಂಕ ಕೊಟ್ಟರು. ಕ್ಯೂಆರ್‌ಎಸ್ ಮೇಲಿರುವ ಲೀಡ್‌ನಲ್ಲಿ ಎಸ್‌ಟಿಯೂ 1 ಮಿಮೀ ಮೇಲಿದ್ದರೆ 5 ಅಂಕ. ವಿ1ರಿಂದ ವಿ3ರಲ್ಲಿ ಯಾವುದಾದರೊಂದರಲ್ಲಿ 1 ಮಿಮೀ ಇಳಿಕೆ ಇದ್ದರೆ 3. ಎದುರು ದಿಕ್ಕಿನದ್ದೇ ಆದರೂ 5 ಮಿಮೀ ಏರಿದ್ದರೆ 2. ಒಟ್ಟು 3 ಆದರೆ ಅಟ್ಯಾಕ್ ಎಂದು ತಿಳಿಯಬೇಕು.

ಕೊನೆಯ ನಿಯಮದಲ್ಲಿ ತೊಡಕಿದೆ. ಎಸ್ ವೇವ್ 30 ಮಿಮೀ ಆಳ ಇರುವವರಲ್ಲಿ 6 ಮಿಮೀ ಏರಿಕೆ ಸಹಜ. ಎಸ್ 12 ಮಿಮೀ ಇರುವವರಲ್ಲಿ 4 ಮಿಮೀ ಏರಿದರೂ ಅದು ಅತಿ. 2012ರಲ್ಲಿ ಸ್ಮಿತ್ ತಂಡ 5 ಮಿಮೀ ಬದಲು ಅನುಪಾತ ತಂದಿತು: ಎಸ್‌ಟಿ ಏರಿಕೆ ಎಸ್ ವೇವ್‌ನ ಕಾಲು ಭಾಗ ದಾಟಿದರೆ ಅನುಮಾನ. ಮೊದಲನೆಯವರಲ್ಲಿ 6ನ್ನು 30ರಿಂದ ಭಾಗಿಸಿದರೆ 20 ಶೇಕಡ, ಸರಿ. ಎರಡನೆಯವರಲ್ಲಿ 33 ಶೇಕಡ, ಕ್ಯಾತ್ ಲ್ಯಾಬ್‌ಗೆ (ಮುಚ್ಚಿದ ರಕ್ತನಾಳ ತೆರೆಯುವ ಕೊಠಡಿ) ಫೋನ್ ಮಾಡಿ. ಪೇಸ್‌ಮೇಕರ್‌ನ ಅಗಲ ಕ್ಯೂಆರ್‌ಎಸ್‌ಗೂ ಇದೇ ಲೆಕ್ಕ ಹಿಡಿಯಬಹುದು. ಯಾವ ಅಂಕವೂ ಬರದೆ ರೋಗಿ ಮಾತ್ರ ತಣ್ಣಗೆ ಬೆವರುತ್ತಿದ್ದರೆ ಅಂಕ ಪಕ್ಕಕ್ಕಿಟ್ಟು ಫೋನ್ ಮಾಡಿ.

ಆರ್‌ಬಿಬಿಬಿ (ಬಲಗಡೆಯ ವಿದ್ಯುತ್ ದಾರಿಯ ತಡೆ) ಅಷ್ಟು ಕಷ್ಟ ಕೊಡುವುದಿಲ್ಲ. ಅದರಲ್ಲಿ ವಿ1ರಿಂದ ವಿ3ರ ಎಸ್‌ಟಿ ಸಹಜವಾಗಿ ತುಸು ಕೆಳಗಿರುತ್ತದೆ. ಮೇಲಿದ್ದರೆ ಹುಷಾರು. ಬಿಪಿಯಿಂದ ದಪ್ಪಗಾದ ಹೃದಯದಲ್ಲೂ ಆಳ ಎಸ್, ಜೊತೆಗೆ ಏರಿದ ಎಸ್‌ಟಿ ಇರುತ್ತದೆ, ಅಲ್ಲೂ ಅನುಪಾತದ ಕಣ್ಣಿಂದಲೇ ನೋಡಿ. ಹಳೆಯ ಅಟ್ಯಾಕ್ ಆಗಿ ಗೋಡೆ ಉಬ್ಬಿಕೊಂಡವರಲ್ಲಿ ಆಳ ಕ್ಯೂ, ಏರಿದ ಎಸ್‌ಟಿ, ಸಣ್ಣ ಟಿ ಇರುತ್ತವೆ. ಟಿ ಎತ್ತರವಾಗಿದ್ದರೆ ಹೊಸದಿರಬಹುದು.

ಎವಿಆರ್ ಒಂದೇ ಏರಿದೆ, ಉಳಿದದ್ದೆಲ್ಲ ಇಳಿದಿದೆ

ಆರು ಅಥವಾ ಹೆಚ್ಚು ಲೀಡ್‌ಗಳಲ್ಲಿ ಇಳಿಕೆ, ಎವಿಆರ್‌ನಲ್ಲಿ ಏರಿಕೆ. ಲೆಫ್ಟ್ ಮೇನ್ (ಎಡ ಕೊರೊನರಿಯ ಮೂಲ ಕಾಂಡ) ಬ್ಲಾಕ್ ಎಂದು ಎಲ್ಲರೂ ಥಟ್ಟನೆ ಹೇಳುತ್ತಾರೆ. ಇರಬಹುದು, ಮೂರೂ ರಕ್ತನಾಳಗಳ ಬ್ಲಾಕ್ ಇರಬಹುದು. ಆದರೆ ಇಡೀ ಹೃದಯಕ್ಕೆ ರಕ್ತ ಸಾಲದಿದ್ದಾಗ ಯಾವ ಕಾರಣಕ್ಕಾದರೂ ಇದೇ ಚಿತ್ರ ಬರುತ್ತದೆ. ಕಣ್ಣಿನ ರೆಪ್ಪೆ ಇಳಿಸಿ ಬಿಳಿಚಿದೆಯಾ ನೋಡಿ. ಮಲ ಕಪ್ಪಗೆ ಹೋಗುತ್ತಿದೆಯಾ ಕೇಳಿ. ಹೃದಯ ನಿಮಿಷಕ್ಕೆ 170 ಬಡಿಯುತ್ತಿದ್ದರೆ ಮೊದಲು ಅದನ್ನು ಇಳಿಸಿ ಮತ್ತೆ ಇಸಿಜಿ ತೆಗೆಯಿರಿ. ಹೊಟ್ಟೆಯೊಳಗೆ ರಕ್ತ ಸೋರುತ್ತಿರುವವರಿಗೆ ರಕ್ತ ತೆಳುವಾಗಿಸುವ ಔಷಧಿ ಕೊಟ್ಟರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ.

ಕೆಳಗೋಡೆಯ ಅಟ್ಯಾಕ್, ಬಿಪಿ ಕಡಿಮೆ

ನಾಲಿಗೆ ಕೆಳಗೆ ನೈಟ್ರೇಟ್ ಮಾತ್ರೆ ಇಡುವ ಮೊದಲು ಬಲಗಡೆಯ ಲೀಡ್ ತೆಗೆಯಿರಿ. ವಿ4ರ ವೈರನ್ನು ಬಲಎದೆಯ ಅದೇ ಜಾಗಕ್ಕೆ ಹಾಕಿದರೆ ವಿ4ಆರ್. ಅಲ್ಲಿ 0.5 ಮಿಮೀ ಏರಿದ್ದರೆ, 30ರೊಳಗಿನ ಗಂಡಸರಲ್ಲಿ 1 ಮಿಮೀ, ಬಲ ಕುಹರಕ್ಕೂ ಪೆಟ್ಟು ಬಿದ್ದಿದೆ. ಆ ಹೃದಯ ತುಂಬಿಕೊಳ್ಳುವ ರಕ್ತದ ಮೇಲೆ ನಿಂತಿರುತ್ತದೆ, ನೈಟ್ರೇಟ್ ಕೊಟ್ಟರೆ ಬಿಪಿ ದಿಢೀರ್ ಕುಸಿಯಬಹುದು. ಈ ಏರಿಕೆ ಕೆಲವು ಗಂಟೆಗಳಲ್ಲೇ ಮಾಯವಾಗುತ್ತದೆ, ಹಾಗಾಗಿ ತಡ ಮಾಡಬೇಡಿ.

ಜೊತೆಗೆ ಬೆನ್ನು ಸೀಳಿದಂಥ ನೋವಿದ್ದರೆ, ಎರಡು ಕೈಗಳ ಬಿಪಿಯಲ್ಲಿ ದೊಡ್ಡ ವ್ಯತ್ಯಾಸವಿದ್ದರೆ ಮಹಾಧಮನಿ ಸೀಳಿರಬಹುದು. ಆ ಸೀಳು ಬಲ ಕೊರೊನರಿಯ ಬಾಯಿಯವರೆಗೆ ಹೋದರೆ ಪಟ್ಟಿ ಅಚ್ಚುಕಟ್ಟಾದ ಕೆಳಗೋಡೆಯ ಅಟ್ಯಾಕ್‌ನಂತೆಯೇ ಇರುತ್ತದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲಿ ಕೊಲ್ಲುತ್ತದೆ.

ಹೃದಯದ ಹೊರಗಿನ ಎರಡು ಮೋಸ

ಡಯಾಲಿಸಿಸ್ ತಪ್ಪಿಸಿಕೊಂಡವರು, ಕಿಡ್ನಿ ತೊಂದರೆಯವರು ಬಂದರೆ ಪೊಟ್ಯಾಸಿಯಂ ನೆನಪಿರಲಿ. ಟಿ ಚೂಪಾಗಿ, ಬುಡ ಕಿರಿದಾಗಿ ನಿಲ್ಲುತ್ತದೆ, ಪಿ ಮಾಯವಾಗುತ್ತದೆ, ಕ್ಯೂಆರ್‌ಎಸ್ ಅಗಲವಾಗುತ್ತದೆ. ಕೆಲವೊಮ್ಮೆ ವಿ1, ವಿ2ರಲ್ಲಿ ಎಸ್‌ಟಿಯೂ ಏರುತ್ತದೆ. ಕ್ಯೂಆರ್‌ಎಸ್ ಅಗಲವಾಗಿದ್ದರೆ ಲ್ಯಾಬ್ ರಿಪೋರ್ಟ್‌ಗೆ ಕಾಯದೆ ಕ್ಯಾಲ್ಸಿಯಂ ಕೊಡಿ. ನಿಮಿಷಗಳಲ್ಲಿ ಪಟ್ಟಿ ಸುಧಾರಿಸಿದರೆ ಉತ್ತರ ಸಿಕ್ಕಂತೆಯೇ.

ಇನ್ನೊಂದು, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು. ವಿ1ರಿಂದ ವಿ4ರವರೆಗೆ ಟಿ ಮಗುಚಿ, ಜೊತೆಗೆ ಲೀಡ್ 3ರಲ್ಲೂ ಮಗುಚಿದ್ದರೆ, ಉಸಿರು ಜೋರಾಗಿದ್ದರೆ, ವೆಲೆನ್ಸ್ ಎಂದು ಬರೆಯುವ ಮುನ್ನ ಕಾಲು ಊದಿದೆಯಾ ನೋಡಿ.

ಫೋನ್ ಮಾಡುವಾಗ

ಕಾರ್ಡಿಯಾಲಜಿಸ್ಟ್‌ಗೆ ಫೋಟೋ ಕಳಿಸುವಾಗ ಪಟ್ಟಿಯನ್ನು ಮೇಜಿನ ಮೇಲೆ ಚಪ್ಪಟೆ ಇಟ್ಟು, ನೇರ ಮೇಲಿನಿಂದ ತೆಗೆಯಿರಿ. ಓರೆಯಾದರೆ ಮಿಮೀ ಲೆಕ್ಕ ಕೆಡುತ್ತದೆ. ಅಳತೆಯ ಗುರುತು ಫ್ರೇಮ್‌ನಲ್ಲಿರಲಿ, ರೋಗಿಯ ಹೆಸರಿನ ಮೇಲೆ ಕಾಗದದ ಚೂರು ಇಡಿ. ಒಂದೇ ಪಟ್ಟಿ ಸಾಲದು, ಹಿಂದಿನದನ್ನೂ ಕಳಿಸಿ. “ಸರ್, ಇಸಿಜಿ ಸ್ವಲ್ಪ ಡೌಟ್ ಇದೆ, ನೋಡಿ” ಅಂದರೆ ಅವರು ಬೆಳಿಗ್ಗೆ ನೋಡುತ್ತಾರೆ. ಹೀಗೆ ಹೇಳಿ: “ಸರ್, 52 ವರ್ಷದವರು, 40 ನಿಮಿಷದಿಂದ ನೋವು, ಇನ್ನೂ ಇದೆ. ವಿ1ರಿಂದ ವಿ3ರಲ್ಲಿ 1.5 ಮಿಮೀ ಡಿಪ್ರೆಷನ್, ಟಿ ಮೇಲಿದೆ. ವಿ8, ವಿ9ರಲ್ಲಿ 1 ಮಿಮೀ ಎಲಿವೇಷನ್. ಹಿಂಗೋಡೆ ಅನ್ನಿಸುತ್ತಿದೆ, ಕ್ಯಾತ್ ಲ್ಯಾಬ್‌ಗೆ ಕಳಿಸಲಾ?”